ಧ್ವನಿ ಉಳಿದರೂ ಹೆಸರು ಉಳಿಯದ ಕೃತಿಗಳು: ಹಳೆಯ ಕ್ಯಾಸೆಟ್ಟುಗಳು ಮತ್ತು ನಾವು ಹೆಚ್ಚು ಕೇಳದ ವಾಗ್ಗೇಯಕಾರರು

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಹಳೆಯ ಮನೆಗಳು ದುರಸ್ತಿಗೋ ಪಾಲಿಗೋ ಬಂದಾಗ, ಅಟ್ಟದಿಂದ ಕೆಳಗಿಳಿಯುವ ಸಾಮಾನಿನ ನಡುವೆ ಒಂದು ಟ್ರಂಕಿನ ತುಂಬ ಕ್ಯಾಸೆಟ್ಟುಗಳೋ, ಅಪರೂಪಕ್ಕೆ ಸ್ಪೂಲ್ ಟೇಪುಗಳೋ ಸಿಗುವುದುಂಟು. ಮನೆಯ ಹಿರಿಯರು ರಾಮನವಮಿಯ ಕಚೇರಿಯಲ್ಲಿ ವಿದ್ವಾಂಸರ ಅನುಮತಿ ಕೇಳಿ ಮುದ್ರಿಸಿಕೊಂಡದ್ದು, ಭದ್ರಾವತಿ ಆಕಾಶವಾಣಿಯ ಪ್ರಸಾರದಿಂದ ತುಂಬಿಸಿಕೊಂಡದ್ದು, ಉಪನಯನವೋ ಮದುವೆಯೋ ನಡೆದ ಚಪ್ಪರದಲ್ಲಿ ಹಿಡಿದಿಟ್ಟದ್ದು ಎಲ್ಲವೂ ಅದರಲ್ಲಿರುತ್ತವೆ. ಈಗ ಮಕ್ಕಳು, ಮೊಮ್ಮಕ್ಕಳು ಅವನ್ನು ಕಂಪ್ಯೂಟರಿಗೆ ಇಳಿಸಿ ಬಂಧುಬಳಗಕ್ಕೂ ಸಂಗೀತಾಸಕ್ತರಿಗೂ ಕಳಿಸತೊಡಗಿದ್ದಾರೆ. ಹೀಗೆ ಕೈಯಿಂದ ಕೈಗೆ ದಾಟುವ ಧ್ವನಿಮುದ್ರಣಗಳಲ್ಲಿ ಆಗಾಗ ಯಾರೂ ಸುಲಭವಾಗಿ ಗುರುತಿಸಲಾರದ ಒಂದು ಕೃತಿ ಕೇಳಿಬರುತ್ತದೆ. ರಾಗ ತಿಳಿಯುತ್ತದೆ, ಹಾಡಿದವರ ಕಂಠ ತಿಳಿಯುತ್ತದೆ, ಆದರೆ ರಚಿಸಿದವರು ಯಾರೆಂದು ತಿಳಿಯುವುದಿಲ್ಲ. ಇಂಥ ಕೃತಿಯ ಕರ್ತೃವನ್ನು ಕಂಡುಹಿಡಿಯುವುದು ಹೇಗೆ, ಕ್ಯಾಸೆಟ್ಟನ್ನು ಹಾಳು ಮಾಡದೆ ಇಳಿಸಿಕೊಳ್ಳುವುದು ಹೇಗೆ, ಹಂಚಿಕೊಳ್ಳಲು ಕಾನೂನಿನ ಅಡ್ಡಿ ಇದೆಯೇ ಎಂಬ ಪ್ರಶ್ನೆಗಳಿಗೆ ಸಂಗೀತದ ಪಾಠ ಆಗದವರಿಗೂ ತಿಳಿಯುವಂತೆ ಉತ್ತರಿಸುವುದು ಈ ಬರಹದ ಉದ್ದೇಶ.

ವಾಗ್ಗೇಯಕಾರರು ಮತ್ತು ಅವರ ಅಂಕಿತ

ಸಾಹಿತ್ಯವನ್ನೂ ಅದರ ಸಂಗೀತವನ್ನೂ ತಾವೇ ರಚಿಸಿದವರನ್ನು ಕರ್ನಾಟಕ ಸಂಗೀತದಲ್ಲಿ ವಾಗ್ಗೇಯಕಾರರೆಂದು ಕರೆಯುತ್ತಾರೆ. ಅವರು ರಚಿಸಿದ ಕೃತಿಗೆ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಪಲ್ಲವಿ ಮೊದಲು ಬರುತ್ತದೆ ಮತ್ತು ಮತ್ತೆ ಮತ್ತೆ ಮರಳಿ ಬರುತ್ತದೆ, ಅನುಪಲ್ಲವಿ ಅದನ್ನು ಮೇಲಿನ ಸ್ವರಗಳತ್ತ ಒಯ್ಯುತ್ತದೆ, ಚರಣ ಕೊನೆಯಲ್ಲಿ ಬಂದು ವಿಷಯವನ್ನು ಪೂರ್ಣಗೊಳಿಸುತ್ತದೆ. ಕರ್ತೃ ತನ್ನ ಗುರುತಾಗಿ ಇಡುವ ಒಂದು ಹೆಸರು ಬಹುತೇಕ ಈ ಚರಣದಲ್ಲೇ ಅಡಗಿರುತ್ತದೆ. ಅದನ್ನೇ ಅಂಕಿತ ಅಥವಾ ಮುದ್ರೆ ಎನ್ನುತ್ತಾರೆ.

ಅಂಕಿತದ ಪದ್ಧತಿ ಮಲೆನಾಡಿನವರಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯ ವಚನಗಳಲ್ಲಿ ‘ಚೆನ್ನಮಲ್ಲಿಕಾರ್ಜುನ’ ಬರುತ್ತದೆ, ಅದೇ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭುವಿನ ವಚನಗಳಲ್ಲಿ ‘ಗುಹೇಶ್ವರ’ ಬರುತ್ತದೆ. ಶಿರಸಿಯ ಬಳಿಯ ಸೋದೆಯಲ್ಲಿ ನೆಲೆಸಿದ್ದ ವಾದಿರಾಜರ ಕೀರ್ತನೆಗಳಲ್ಲಿ ‘ಹಯವದನ’ ಇರುತ್ತದೆ. ಕಚೇರಿಯ ಸಂಗೀತದಲ್ಲಿ ಮುತ್ತುಸ್ವಾಮಿ ದೀಕ್ಷಿತರು ‘ಗುರುಗುಹ’ ಎಂದೂ, ಶ್ಯಾಮಾಶಾಸ್ತ್ರಿಗಳು ‘ಶ್ಯಾಮಕೃಷ್ಣ’ ಎಂದೂ ಗುರುತಿಟ್ಟಿದ್ದಾರೆ. ತ್ಯಾಗರಾಜರು ತಮ್ಮ ಹೆಸರನ್ನೇ ಇಟ್ಟಿದ್ದಾರೆ. ಇವರಷ್ಟು ಕಿವಿಗೆ ಬೀಳದವರ ಅಂಕಿತಗಳನ್ನೂ ತಿಳಿದಿಟ್ಟುಕೊಳ್ಳಬೇಕು. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರದು ‘ವೆಂಕಟೇಶ’, ವೀಣೆ ಕುಪ್ಪಯ್ಯರ್ ಅವರದು ‘ಗೋಪಾಲದಾಸ’, ಶ್ಯಾಮಾಶಾಸ್ತ್ರಿಗಳ ಮಗ ಸುಬ್ಬರಾಯಶಾಸ್ತ್ರಿಗಳದು ‘ಕುಮಾರ’, ಮೈಸೂರು ಸದಾಶಿವರಾಯರದು ‘ಸದಾಶಿವ’, ಮೈಸೂರು ವಾಸುದೇವಾಚಾರ್ಯರದು ‘ವಾಸುದೇವ’, ಹರಿಕೇಶನಲ್ಲೂರು ಮುತ್ತಯ್ಯ ಭಾಗವತರದು ‘ಹರಿಕೇಶ’, ಜಯಚಾಮರಾಜ ಒಡೆಯರದು ‘ಶ್ರೀವಿದ್ಯಾ’, ಪಿಟೀಲು ಚೌಡಯ್ಯನವರದು ‘ತ್ರಿಮಕುಟ’.

ದಾಸರ ಪದಗಳ ಮತ್ತು ವಚನಗಳ ವಿಚಾರದಲ್ಲಿ ಒಂದು ಎಚ್ಚರಿಕೆ ಬೇಕು. ಅಲ್ಲಿ ಅಂಕಿತ ಹೇಳುವುದು ಸಾಹಿತ್ಯ ಯಾರದೆಂದು ಮಾತ್ರ. ಇಂದು ನಾವು ಕೇಳುವ ಮಟ್ಟುಗಳು ಬಹುಪಾಲು ನಂತರದ ಸಂಗೀತಗಾರರು ಕೂಡಿಸಿದವು. ಆದ್ದರಿಂದ ‘ಪುರಂದರವಿಠಲ’ ಎಂದು ಕೇಳಿಸಿದ ಕೂಡಲೇ ಸಂಗೀತವೂ ಪುರಂದರದಾಸರದೇ ಎಂದು ಬರೆದುಬಿಟ್ಟರೆ, ಅದಕ್ಕೆ ರಾಗ ಸಂಯೋಜಿಸಿದ ಇನ್ನೊಬ್ಬರ ಹೆಸರು ಅಲ್ಲಿಗೇ ಅಳಿಯುತ್ತದೆ. ತುಂಗೆಯ ದಡದ ಹೊಸಹಳ್ಳಿಯ ಗಮಕ ವಾಚನದ ಮುದ್ರಣಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾವ್ಯ ಕುಮಾರವ್ಯಾಸನದಾದರೂ ಯಾವ ಪದ್ಯವನ್ನು ಯಾವ ರಾಗದಲ್ಲಿ ಹಾಡಬೇಕೆಂದು ಆರಿಸುವವರು ಗಮಕಿಗಳು. 2022ರಲ್ಲಿ ಪದ್ಮಶ್ರೀ ಪಡೆದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಂಥ ಗಮಕಿಗಳ ಮುದ್ರಣದ ಮೇಲೆ ಬರಿಯ ‘ಕುಮಾರವ್ಯಾಸ ಭಾರತ’ ಎಂದು ಬರೆದರೆ ಅರ್ಧ ಸಂಗತಿ ಬಿಟ್ಟುಹೋದಂತೆಯೇ.

‘ಸಾವೇರಿ, ?’ ಎಂದಷ್ಟೇ ಬರೆದ ಕ್ಯಾಸೆಟ್ಟು

ಕರ್ತೃವನ್ನು ಗುರುತಿಸುವ ಕ್ರಮವನ್ನು ಒಂದು ಕೃತಿಯಲ್ಲಿ ಹತ್ತಿರದಿಂದ ನೋಡಬಹುದು. ಕ್ಯಾಸೆಟ್ಟಿನ ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ‘ಸಾವೇರಿ’ ಎಂದು ರಾಗದ ಹೆಸರನ್ನಷ್ಟೇ ಬರೆದು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಲಾಗಿದೆ ಎಂದುಕೊಳ್ಳೋಣ. ಕೇಳಿದಾಗ ‘ಶ್ರೀಕಾಮಕೋಟಿ ಪೀಠಸ್ಥಿತೆ’ ಎಂಬ ಪಲ್ಲವಿ ಆರಂಭವಾಗುತ್ತದೆ. ಭಾಷೆ ಸಂಸ್ಕೃತ, ದೇವತೆ ಕಂಚಿಯ ಕಾಮಾಕ್ಷಿ. ತುಸು ಬಲ್ಲವರ ಊಹೆ ತಕ್ಷಣ ಎರಡು ಕಡೆ ಹೋಗುತ್ತದೆ. ಸಂಸ್ಕೃತವಾದ್ದರಿಂದ ದೀಕ್ಷಿತರದಿರಬಹುದು, ಇಲ್ಲವೇ ಕಾಮಾಕ್ಷಿಯ ಉಪಾಸಕರಾಗಿ ‘ಶಂಕರಿ ಶಂಕುರು’ ಎಂದು ಇದೇ ಸಾವೇರಿಯಲ್ಲಿ ಹಾಡಿದ ಶ್ಯಾಮಾಶಾಸ್ತ್ರಿಗಳದಿರಬಹುದು ಎಂದು ಅನಿಸುತ್ತದೆ. ಎರಡೂ ತಪ್ಪು. ಇದು ಮೈಸೂರು ಸದಾಶಿವರಾಯರ ಕೃತಿ.

ಊಹೆ ತಪ್ಪಲು ಕಾರಣ ಸರಳವಾಗಿದೆ. ಸದಾಶಿವರಾಯರ ಅಂಕಿತವೇ ಶಿವನ ಹೆಸರು. ದೇವಿಯನ್ನು ಕುರಿತ ಕೃತಿಯಲ್ಲಿ ‘ಸದಾಶಿವ’ ಎಂದು ಬಂದರೆ ಅದು ದೇವಿಯ ಪತಿಯ ಹೆಸರೆಂದೇ ಕೇಳುಗರು ದಾಟಿಹೋಗುತ್ತಾರೆ. ಇದರ ತಿರುವುಮುರುವೂ ಉಂಟು. ತ್ಯಾಗರಾಜರ ‘ದೇವಾದಿದೇವ ಸದಾಶಿವ’ ಎಂಬ ಕೃತಿಯನ್ನು ಕೇಳಿ, ಸದಾಶಿವ ಎಂದಿದೆಯಲ್ಲ ಎಂದು ಸದಾಶಿವರಾಯರ ಲೆಕ್ಕಕ್ಕೆ ಹಾಕಬಾರದು. ಅಲ್ಲಿ ಆ ಪದ ಶಿವನಿಗೇ ಸಂದದ್ದು. ಹೀಗಾಗಿ ಅಂಕಿತ ಒಂದೇ ಸಾಕ್ಷಿಯಾಗಿ ಸಾಲದು. ಪಲ್ಲವಿಯ ಮೊದಲ ಪದಗಳು, ರಾಗ, ತಾಳ, ಭಾಷೆ, ಅಂಕಿತ ಇವೆಲ್ಲವನ್ನೂ ಬರೆದುಕೊಂಡು, ಸ್ವರಲಿಪಿಯೊಂದಿಗೆ ಅಚ್ಚಾದ ಕೃತಿಸಂಗ್ರಹದ ಜೊತೆ ಹೋಲಿಸಿದ ಮೇಲೆಯೇ ಹೆಸರು ಖಚಿತವಾಗುತ್ತದೆ. ಹತ್ತಿರದಲ್ಲಿ ಪಾಠ ಹೇಳುವ ವಿದ್ವಾಂಸರೋ ವಿದುಷಿಯರೋ ಇದ್ದರೆ ಈ ಕೆಲಸ ಬೇಗ ಮುಗಿಯುತ್ತದೆ. ದೀಕ್ಷಿತರ ಅನೇಕ ಕೃತಿಗಳಲ್ಲಿ ಸಾಹಿತ್ಯದೊಳಗೇ ರಾಗದ ಹೆಸರೂ ಜಾಣ್ಮೆಯಿಂದ ಸೇರಿಕೊಂಡಿರುವುದರಿಂದ, ಅಂಥ ಕಡೆ ಸಾಹಿತ್ಯವನ್ನು ಎಚ್ಚರದಿಂದ ಆಲಿಸಿದರೆ ರಾಗದ ಗೊಂದಲವೂ ಬಗೆಹರಿಯುತ್ತದೆ.

ಕೆಲವರು ಮಾತ್ರ ಏಕೆ ಪ್ರಸಿದ್ಧರು

ಹೆಚ್ಚು ಕೇಳಿಬರದ ವಾಗ್ಗೇಯಕಾರರ ಕೃತಿಗಳು ಗುಣದಲ್ಲಿ ಕಡಿಮೆ ಎಂದು ತಿಳಿಯಲು ಕಾರಣವಿಲ್ಲ. ಒಂದು ಕೃತಿ ಉಳಿದು ಹರಡಬೇಕಾದರೆ ಅದನ್ನು ಕಲಿಸುವ ಶಿಷ್ಯರು ಬೇಕು, ಬರೆದಿಡುವವರು ಬೇಕು, ಕಚೇರಿಯಲ್ಲಿ ಮತ್ತೆ ಮತ್ತೆ ಹಾಡುವವರು ಬೇಕು. ತ್ಯಾಗರಾಜರಿಗೆ (1767–1847) ಈ ಮೂರೂ ಒದಗಿದವು. ಅವರ ಶಿಷ್ಯರಾದ ವಾಲಾಜಪೇಟೆ ವೆಂಕಟರಮಣ ಭಾಗವತರು ಗುರುಗಳ ಕೃತಿಗಳನ್ನು ಬರೆದಿಟ್ಟರು. ಆ ಹಸ್ತಪ್ರತಿಗಳು ಮಧುರೆಯ ಸೌರಾಷ್ಟ್ರ ಸಭೆಯಲ್ಲಿ ಉಳಿದುಬಂದಿವೆ. ದೀಕ್ಷಿತರ ಕೃತಿಗಳಿಗೆ ಅವರ ಮನೆತನದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚು ಹಾಕಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಎಂಬ ಬೃಹತ್ ಗ್ರಂಥ ಆಧಾರವಾಯಿತು.

ಮೈಸೂರಿನ ವಾಗ್ಗೇಯಕಾರರು ಈ ದೊಡ್ಡ ಪರಂಪರೆಯಿಂದ ದೂರ ಇದ್ದವರಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿದ್ದ ಸದಾಶಿವರಾಯರು ಅದೇ ವಾಲಾಜಪೇಟೆ ವೆಂಕಟರಮಣ ಭಾಗವತರ ಶಿಷ್ಯರು. ಸದಾಶಿವರಾಯರಲ್ಲಿ ಹಾಡುಗಾರಿಕೆ ಕಲಿತವರು ವೀಣೆ ಶೇಷಣ್ಣನವರು (1852–1926). ಇನ್ನೊಂದು ಕಡೆಯಿಂದ, ತ್ಯಾಗರಾಜರ ಬಂಧುವೂ ಶಿಷ್ಯರೂ ಆಗಿದ್ದ ಮಾನಂಬುಚಾವಡಿ ವೆಂಕಟಸುಬ್ಬಯ್ಯರಲ್ಲಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ (1845–1902) ಕಲಿತರು. ಮೈಸೂರು ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ ಅವರಲ್ಲಿ ಶಿಷ್ಯವೃತ್ತಿ ಮಾಡಿದವರು ವಾಸುದೇವಾಚಾರ್ಯರು (1865–1961). ಅಂದರೆ ತ್ಯಾಗರಾಜರ ವಿದ್ಯೆ ಎರಡು ಬೇರೆ ದಾರಿಯಲ್ಲಿ ಮೈಸೂರಿಗೆ ಬಂದಿತು. ಇದನ್ನು ತಿಳಿದು ಕೇಳಿದಾಗ ಸದಾಶಿವರಾಯರ ಕೃತಿಗಳ ಗಟ್ಟಿಯಾದ ಸಂಗತಿಗಳು, ಅಂದರೆ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡುವ ರೂಪಗಳು, ಎಲ್ಲಿಂದ ಬಂದವೆಂಬುದು ಕಿವಿಗೆ ಸ್ಪಷ್ಟವಾಗುತ್ತದೆ.

ಈ ಪೈಕಿ ವಾಸುದೇವಾಚಾರ್ಯರ ಸ್ಥಿತಿ ವಿಶೇಷವಾದದ್ದು. ಅವರ ‘ಬ್ರೋಚೇವಾರೆವರುರಾ’ ಎಂಬ ಖಮಾಚ್ ರಾಗದ ಕೃತಿಯನ್ನು ಕೇಳದ ದಕ್ಷಿಣ ಭಾರತದವರು ವಿರಳ, ಆದರೆ ಅದನ್ನು ತ್ಯಾಗರಾಜರದೆಂದು ನಂಬಿದವರು ಬಹಳ. ಕೃತಿ ಪ್ರಸಿದ್ಧವಾಗಿಯೂ ಕರ್ತೃ ಮರೆಯಲ್ಲಿ ಉಳಿಯುವ ಈ ಬಗೆಯೇ ನನಗೆ ಹೆಚ್ಚು ಬೇಸರ ತರಿಸುತ್ತದೆ, ಏಕೆಂದರೆ ಇದನ್ನು ತಡೆಯಲು ಒಂದು ಸಾಲಿನ ಬರಹ ಸಾಕಾಗಿತ್ತು.

ತಟ್ಟೆಯ ಮೂರು ನಿಮಿಷ

ಧ್ವನಿಮುದ್ರಣದ ಇತಿಹಾಸವೇ ಕರ್ತೃವಿನ ಹೆಸರನ್ನು ಹಿಂದಕ್ಕೆ ತಳ್ಳಿದ್ದುಂಟು. ನಿಮಿಷಕ್ಕೆ 78 ಸುತ್ತು ತಿರುಗುವ, ಅರಗಿನಿಂದ ಮಾಡಿದ ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ, ಸಾಮಾನ್ಯ ಅಳತೆಯಾದ 10 ಅಂಗುಲದ್ದಾದರೆ, ಒಂದು ಬದಿಗೆ ಸುಮಾರು ಮೂರು ನಿಮಿಷದಷ್ಟು ಮಾತ್ರ ಜಾಗವಿತ್ತು. ಕಚೇರಿಯಲ್ಲಿ ಆಲಾಪನೆ, ನೆರವಲು, ಸ್ವರಕಲ್ಪನೆ ಎಂಬ ಮನೋಧರ್ಮದ ವಿಸ್ತಾರಗಳು ಸೇರಿ ಅರ್ಧ ಗಂಟೆ ಬೆಳೆಯುವ ಕೃತಿಯನ್ನು ಅಷ್ಟರೊಳಗೆ ಮುಗಿಸಬೇಕಾಗಿತ್ತು. ಹೀಗೆ ಮೊಟಕುಗೊಳಿಸುವಾಗ ಪಲ್ಲವಿಯನ್ನು ಬಿಡಲಾಗದು. ಕತ್ತರಿ ಬಿದ್ದರೆ ಅದು ಬೀಳುವುದು ಚರಣದ ಮೇಲೆ. ಅಂಕಿತ ಇರುವುದೂ ಚರಣದಲ್ಲೇ. ಆದ್ದರಿಂದ ಚರಣವಿಲ್ಲದ ಮುದ್ರಣದಲ್ಲಿ ಕರ್ತೃವಿನ ಗುರುತು ಸಂಗೀತದೊಳಗಿನಿಂದಲೇ ಮಾಯವಾಗಿರುತ್ತದೆ.

ಆ ಕಾಲದಲ್ಲಿ ಹೆಸರನ್ನು ಉಳಿಸುವ ಒಂದು ಸರಳ ಉಪಾಯವೂ ಇತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್ ತಮ್ಮ ಹಾಡಿನ ಕೊನೆಗೆ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಮುದ್ರಣವನ್ನು ಜರ್ಮನಿಯ ಹ್ಯಾನೋವರಿಗೆ ಕಳಿಸಿ ತಟ್ಟೆ ತಯಾರಿಸುತ್ತಿದ್ದುದರಿಂದ, ಭಾಷೆ ತಿಳಿಯದ ಅಲ್ಲಿನ ಕೆಲಸಗಾರರಿಗೆ ಯಾರ ಹಾಡಿಗೆ ಯಾವ ಚೀಟಿ ಅಂಟಿಸಬೇಕೆಂದು ತಿಳಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದ ಆಕೆ 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಇಂದಿಗೂ ಆ ತಟ್ಟೆಗಳನ್ನು ಕೇಳಿದವರಿಗೆ ಹಾಡಿದವರಾರೆಂಬ ಸಂಶಯ ಉಳಿಯುವುದಿಲ್ಲ.

ಮನೆಯ ಕ್ಯಾಸೆಟ್ಟುಗಳಲ್ಲಿ ಆದದ್ದು ಇದಕ್ಕೆ ವಿರುದ್ಧ. ಆಕಾಶವಾಣಿಯ ಉದ್ಘೋಷಕರು ಪ್ರತಿ ಕೃತಿಗೂ ರಾಗ, ತಾಳ, ರಚನಕಾರರ ಹೆಸರು ಹೇಳುವುದು ರೂಢಿ. ಆದರೆ 60 ನಿಮಿಷದ ಕ್ಯಾಸೆಟ್ಟಿನಲ್ಲಿ ಸಂಗೀತಕ್ಕೇ ಜಾಗ ಸಾಲದೆಂದು, ರೇಡಿಯೊ ಮುಂದೆ ಕುಳಿತವರು ಆ ಮಾತು ಮುಗಿದ ಮೇಲೆಯೇ ಗುಂಡಿ ಒತ್ತುತ್ತಿದ್ದರು. ಉಳಿಸಬೇಕೆಂದೇ ಮುದ್ರಿಸಿದವರ ಕೈಯಿಂದಲೇ ಹೆಸರು ಹೊರಗುಳಿಯಿತು. ನಿಮ್ಮ ಮನೆಯ ಕ್ಯಾಸೆಟ್ಟಿನಲ್ಲಿ ಉದ್ಘೋಷಣೆಯ ತುಣುಕೇನಾದರೂ ಉಳಿದಿದ್ದರೆ ಅದನ್ನು ‘ಬೇಡದ ಮಾತು’ ಎಂದು ಕತ್ತರಿಸದೆ ಹಾಗೆಯೇ ಇಡಬೇಕು.

ಮೈಸೂರಿನ ಅರಸರು ಮತ್ತು ರಷ್ಯದ ಮೆಡ್ನರ್

ಧ್ವನಿಮುದ್ರಣವೊಂದು ಮರೆತುಹೋಗಬಹುದಾಗಿದ್ದ ರಚನಕಾರನನ್ನು ಹೇಗೆ ಉಳಿಸಬಲ್ಲದು ಎಂಬುದಕ್ಕೆ ಅತಿ ಸ್ಪಷ್ಟ ನಿದರ್ಶನ ನಮ್ಮ ರಾಜ್ಯದ್ದೇ ಆಗಿದೆ. ಶಿವಮೊಗ್ಗ ಜಿಲ್ಲೆಯೂ ಸೇರಿದ್ದ ಮೈಸೂರು ಸಂಸ್ಥಾನದ ಕೊನೆಯ ಅರಸರಾದ ಜಯಚಾಮರಾಜ ಒಡೆಯರು (1919–1974) ಕರ್ನಾಟಕ ಸಂಗೀತವನ್ನು ಬಲ್ಲವರಾಗಿದ್ದಂತೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೂ ಆಳವಾಗಿ ಬಲ್ಲವರಾಗಿದ್ದರು ಮತ್ತು ಪಿಯಾನೊ ನುಡಿಸುತ್ತಿದ್ದರು. ಅವರಿಗೆ ಅತ್ಯಂತ ಪ್ರಿಯನಾಗಿದ್ದ ರಚನಕಾರ ನಿಕೊಲಾಯ್ ಮೆಡ್ನರ್. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, ರಷ್ಯವನ್ನು ಬಿಟ್ಟು ಬಂದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ ಈತ ತನ್ನ ಸಂಗೀತವನ್ನೆಲ್ಲ ಪಿಯಾನೊವನ್ನು ನೆಚ್ಚಿಯೇ ಬರೆದವನು. ಅವನ ಗೆಳೆಯ ರಾಖ್ಮನಿನೊಫ್‌ಗೆ ಸಿಕ್ಕ ಜಗದ್ವಿಖ್ಯಾತಿ ಅವನಿಗೆ ಸಿಗಲಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಅವನ ಆರೋಗ್ಯವೂ ಆದಾಯವೂ ಕುಸಿದಿದ್ದವು.

ಒಡೆಯರು ಮೆಡ್ನರ್ ಸೊಸೈಟಿಯನ್ನು ಆರಂಭಿಸಿ, ಎಚ್.ಎಂ.ವಿ. ಕಂಪನಿಯ ಮೂಲಕ ಅವನ ಸಂಗೀತವನ್ನು ಅವನೇ ನುಡಿಸಿ ಮುದ್ರಿಸುವಂತೆ ಹಣ ಒದಗಿಸಿದರು. ಮೆಡ್ನರ್ ಪಿಯಾನೊದ ಮುಂದೆ ಕುಳಿತು, ಫಿಲ್‌ಹಾರ್ಮೋನಿಯಾ ವಾದ್ಯಮೇಳದೊಂದಿಗೆ ತನ್ನ ಮೂರೂ ಪಿಯಾನೊ ಕಾನ್ಚರ್ಟೊಗಳನ್ನು ಮುದ್ರಿಸಿದ. ಒಬ್ಬ ವಾದಕ ಮುಂದೆ ನಿಂತು ಇಡೀ ವಾದ್ಯಮೇಳದೊಂದಿಗೆ ಸಂವಾದ ನಡೆಸುವಂಥ ದೀರ್ಘ ರಚನೆಗೆ ಕಾನ್ಚರ್ಟೊ ಎನ್ನುತ್ತಾರೆ. ಮೂರನೆಯ ಕಾನ್ಚರ್ಟೊವನ್ನು ಅವನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾನೆ. 1951ರಲ್ಲಿ ಅವನು ತೀರಿಕೊಂಡ. ಆ ಮುದ್ರಣಗಳು ಸಕಾಲದಲ್ಲಿ ಆಗದೇ ಇದ್ದಿದ್ದರೆ ರಚಿಸಿದವನ ಕೈಯಿಂದಲೇ ಆ ಸಂಗೀತವನ್ನು ಕೇಳುವ ಅವಕಾಶ ಲೋಕಕ್ಕೆ ಶಾಶ್ವತವಾಗಿ ತಪ್ಪುತ್ತಿತ್ತು. ಅದೇ ವಾದ್ಯಮೇಳಕ್ಕೂ ಒಡೆಯರ ನೆರವು ಸಂದಿತ್ತು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು ಮೊದಲ ಬಾರಿ ಹಾಡಲ್ಪಟ್ಟದ್ದೂ ಅವರ ಬೆಂಬಲದಿಂದಲೇ.

ಇನ್ನೊಬ್ಬನ ಸಂಗೀತವನ್ನು ಇಷ್ಟು ಮುತುವರ್ಜಿಯಿಂದ ಉಳಿಸಿದ ಒಡೆಯರು ಸ್ವತಃ ವಾಗ್ಗೇಯಕಾರರು. ‘ಶ್ರೀವಿದ್ಯಾ’ ಅಂಕಿತದಲ್ಲಿ ಸಂಸ್ಕೃತದಲ್ಲಿ 94 ಕೃತಿಗಳನ್ನು ರಚಿಸಿದ ಅವರು, ಇತರರು ಅಷ್ಟಾಗಿ ಮುಟ್ಟದ ಅಪರೂಪದ ರಾಗಗಳನ್ನೂ ಆರಿಸಿಕೊಂಡರು. ಗಂಭೀರನಾಟದ ‘ಶ್ರೀಜಾಲಂಧರಮಾಶ್ರಯಾಮ್ಯಹಂ’ ಮತ್ತು ದೂರ್ವಾಂಕಿಯ ‘ಗಂ ಗಣಪತೇ ನಮಸ್ತೇ’ ಆಗಾಗ ಕಚೇರಿಗಳಲ್ಲಿ ಕೇಳಿಬರುತ್ತವೆ. ಉಳಿದವುಗಳಲ್ಲಿ ಹೆಚ್ಚಿನವನ್ನು ಹುಡುಕಿಯೇ ಕೇಳಬೇಕು.

ಮಲೆನಾಡಿನ ಮಳೆ ಮತ್ತು ಕ್ಯಾಸೆಟ್ಟಿನ ಟೇಪು

ಕ್ಯಾಸೆಟ್ಟಿನೊಳಗಿರುವುದು ತೆಳುವಾದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನಿಂದ ಹಿಡಿದು ನಿಲ್ಲಿಸಿರುತ್ತಾರೆ. ಆ ಕಣಗಳ ಕಾಂತೀಯ ಜೋಡಣೆಯೇ ನಾವು ಕೇಳುವ ಧ್ವನಿ. ತೇವ ಈ ಅಂಟಿನ ಶತ್ರು. ಗಾಳಿಯ ತೇವವನ್ನು ಹೀರಿದ ಅಂಟು ಮೆದುವಾಗಿ ಜಿಗುಟಾಗುತ್ತದೆ, ಟೇಪು ಓಡುವಾಗ ಕಣಗಳು ಉದುರುತ್ತವೆ, ಪಟ್ಟಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಮುತ್ತಲಲ್ಲಂತೂ ಹೆಂಚಿನ ಮನೆಯ ಅಟ್ಟದ ಮೇಲೆ ಹಲವು ಮಳೆಗಾಲ ಕಳೆದ ಕ್ಯಾಸೆಟ್ಟು ಸುಸ್ಥಿತಿಯಲ್ಲಿದ್ದರೆ ಅದೇ ಭಾಗ್ಯ.

ಆದ್ದರಿಂದ ಸಿಕ್ಕಿದ ಕೂಡಲೇ ಟೇಪ್‌ರೆಕಾರ್ಡರಿಗೆ ಹಾಕುವ ಆತುರ ಬೇಡ. ಬೂಷ್ಟು ಹಿಡಿದ ಟೇಪನ್ನು ಓಡಿಸಿದರೆ ಅದೂ ಕೆಡುತ್ತದೆ, ಯಂತ್ರಕ್ಕೆ ಅಂಟಿದ ಬೂಷ್ಟು ಮುಂದೆ ಹಾಕುವ ಕ್ಯಾಸೆಟ್ಟುಗಳಿಗೂ ದಾಟುತ್ತದೆ. ಮೊದಲು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಕೆಲವು ದಿನ ಇಟ್ಟು ತೇವ ಇಳಿಸಬೇಕು. ಬಿಸಿಲಿಗೂ ಒಲೆಯ ಶಾಖಕ್ಕೂ ಒಡ್ಡಬಾರದು. ಬಲವಾಗಿ ಬೂಷ್ಟು ಹಿಡಿದದ್ದನ್ನು ಅನುಭವಿಗಳಿಗೆ ಒಪ್ಪಿಸುವುದೇ ಲೇಸು. ಈ ಕೆಲಸಕ್ಕೆ ದಸರೆ ಕಳೆದ ಮೇಲೆ ಶಿವರಾತ್ರಿಯವರೆಗಿನ ಒಣ ತಿಂಗಳುಗಳು ಸೂಕ್ತ. ನುಡಿಸುವ ಮೊದಲು ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಅಕಸ್ಮಾತ್ತಾಗಿ ಬೇರೇನೂ ಮುದ್ರಣವಾಗದು. ಟೇಪು ತಾಗಿ ಓಡುವ ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿರಬೇಕು.

ವೇಗದ ವಿಚಾರ ಸಂಗೀತಕ್ಕೆ ಬಹಳ ಮುಖ್ಯ. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಮುದ್ರಿಸಿದ ಯಂತ್ರವೋ ನುಡಿಸುವ ಯಂತ್ರವೋ ತುಸು ವೇಗ ತಪ್ಪಿದರೆ ಶ್ರುತಿ ಏರುತ್ತದೆ ಅಥವಾ ಇಳಿಯುತ್ತದೆ, ಹಾಡಿದವರ ಕಂಠವೇ ಬೇರೆಯವರದ್ದೆನಿಸುತ್ತದೆ. ಶೇಕಡಾ ಆರರಷ್ಟು ವ್ಯತ್ಯಾಸವಾದರೆ ಶ್ರುತಿ ಹೆಚ್ಚುಕಡಿಮೆ ಹಾರ್ಮೋನಿಯಮ್ಮಿನ ಒಂದು ಮನೆಯಷ್ಟು ಜರುಗಿರುತ್ತದೆ. ಇದನ್ನು ಪತ್ತೆಹಚ್ಚಲು ಒಂದು ಒಳ್ಳೆಯ ದಾರಿಯಿದೆ. ಹಳೆಯ ಮುದ್ರಣಗಳಲ್ಲಿ ವಿದ್ಯುತ್ತಿನ ಸಣ್ಣ ಗುಂಯ್‌ಗುಡುವಿಕೆ ಹಿನ್ನೆಲೆಯಲ್ಲಿ ಸೇರಿಕೊಂಡಿರುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಆ ಸದ್ದು ಸುಮಾರು 50ಕ್ಕೋ ಅದರ ಇಮ್ಮಡಿಯಾದ 100ಕ್ಕೋ ಇರಬೇಕು. ಕಂಪ್ಯೂಟರಿನ ಧ್ವನಿ ತಂತ್ರಾಂಶದಲ್ಲಿ ಅದು 52 ಎಂದು ಕಂಡರೆ ಟೇಪು ಶೇಕಡಾ ನಾಲ್ಕರಷ್ಟು ಬೇಗ ಓಡುತ್ತಿದೆ ಎಂದರ್ಥ.

ಇಳಿಸಿಕೊಂಡ ಮೂಲವನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಇಡಬೇಕು. ವೇವ್ ಕಡತ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಹಿಡಿಯುತ್ತದೆ. ಎಂಪಿ3 ಅದರ ಹತ್ತನೇ ಒಂದು ಭಾಗದಲ್ಲೇ ಮುಗಿಯಬಹುದು, ಆದರೆ ಕಿವಿಗೆ ಗೋಚರವಾಗದೆಂದು ಭಾವಿಸಿದ ಅಂಶಗಳನ್ನು ಅದು ಕೈಬಿಡುತ್ತದೆ. ಹಸಿ ಅಡಿಕೆಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಹಗುರವಾಗಿ ಸಾಗಿಸಲು ಅನುಕೂಲವಾಗುತ್ತದೆ, ಆದರೆ ಅದನ್ನು ಮತ್ತೆ ಹಸಿ ಅಡಿಕೆಯಾಗಿಸಲಾಗದು. ಎಂಪಿ3 ಮಾಡಿದ ಧ್ವನಿಯೂ ಹಾಗೆಯೇ. ಮೂಲವನ್ನು ಮನೆಯಲ್ಲಿ ಎರಡು ಬೇರೆ ಕಡೆ ಉಳಿಸಿಕೊಂಡು, ಹಂಚಲು ಮಾತ್ರ ಎಂಪಿ3 ಬಳಸಿದರೆ ತೊಂದರೆಯಿಲ್ಲ.

ಕಡತದ ಜೊತೆಗೆ ಕಳಿಸಬೇಕಾದ ಮಾತು

ಇಷ್ಟು ಶ್ರಮಪಟ್ಟು ಇಳಿಸಿದ ಮುದ್ರಣವನ್ನು ‘ಅಜ್ಜನ ಕ್ಯಾಸೆಟ್ 4’ ಎಂಬ ಹೆಸರಿನಲ್ಲಿ ಕಳಿಸಿದರೆ, ಅದು ಹತ್ತು ಜನರನ್ನು ದಾಟುವಷ್ಟರಲ್ಲಿ ಅನಾಥವಾಗುತ್ತದೆ. ಹಾಡಿದವರು, ಪಿಟೀಲು ಮತ್ತು ಮೃದಂಗ ನುಡಿಸಿದವರು, ನಡೆದ ಊರು, ತಿಳಿದಿದ್ದರೆ ದಿನಾಂಕ, ಕೃತಿಯ ಮೊದಲ ಪದ, ರಾಗ, ತಾಳ, ವಾಗ್ಗೇಯಕಾರರು, ಯಾರ ಸಂಗ್ರಹದಿಂದ ಬಂದದ್ದು ಎಂಬ ವಿವರಗಳನ್ನು ಕಡತದ ಹೆಸರಿನಲ್ಲೋ ಜೊತೆಗಿನ ಟಿಪ್ಪಣಿಯಲ್ಲೋ ಬರೆಯಬೇಕು. ಕ್ಯಾಸೆಟ್ಟಿನ ಚೀಟಿಯ ಎರಡೂ ಬದಿಯ ಫೋಟೊ ತೆಗೆದು ಸೇರಿಸಿದರೆ ಇನ್ನೂ ಉತ್ತಮ, ಏಕೆಂದರೆ ನಮಗೆ ಅರ್ಥವಾಗದ ಒಂದು ಸಂಕ್ಷೇಪಾಕ್ಷರ ಬೇರೊಬ್ಬರಿಗೆ ಅರ್ಥವಾಗಬಹುದು.

ತಿಳಿಯದ್ದನ್ನು ‘ತಿಳಿದಿಲ್ಲ’ ಎಂದೇ ಬರೆಯುವುದು ಊಹೆಯನ್ನು ಬರೆಯುವುದಕ್ಕಿಂತ ಉಪಕಾರಿ. ಖಾಲಿ ಬಿಟ್ಟ ಜಾಗವನ್ನು ಬಲ್ಲವರು ಯಾರಾದರೂ ತುಂಬುತ್ತಾರೆ. ತಪ್ಪಾಗಿ ತುಂಬಿದ ಹೆಸರನ್ನು ಮಾತ್ರ ಯಾರೂ ಮತ್ತೆ ಪರೀಕ್ಷಿಸುವುದಿಲ್ಲ, ಅದು ಮುಂದಿನ ಪ್ರತಿಗಳಿಗೆಲ್ಲ ಹರಿದುಹೋಗುತ್ತದೆ.

ಹಂಚಿಕೊಳ್ಳಲು ಕಾನೂನು ಏನು ಹೇಳುತ್ತದೆ

ಒಂದು ಮುದ್ರಣದ ಮೇಲೆ ಒಂದಕ್ಕಿಂತ ಹೆಚ್ಚು ಹಕ್ಕುಗಳಿರುತ್ತವೆ ಎಂಬುದನ್ನು ಮೊದಲು ತಿಳಿಯಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ರಚನೆಯ ಹಕ್ಕು ಕರ್ತೃ ತೀರಿಕೊಂಡ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ತ್ಯಾಗರಾಜರ, ಸದಾಶಿವರಾಯರ ಕೃತಿಗಳಿಗೆ ಈ ಹಕ್ಕಿನ ಪ್ರಶ್ನೆಯೇ ಇಲ್ಲ. 1961ರಲ್ಲಿ ತೀರಿಕೊಂಡ ವಾಸುದೇವಾಚಾರ್ಯರ ಕೃತಿಗಳ ಅವಧಿ 2021ರ ಕೊನೆಗೆ ಮುಗಿದಿದೆ. 1974ರಲ್ಲಿ ತೀರಿಕೊಂಡ ಜಯಚಾಮರಾಜ ಒಡೆಯರ ಕೃತಿಗಳದು 2034ರ ಕೊನೆಯವರೆಗೆ ಇರುತ್ತದೆ. ಧ್ವನಿಮುದ್ರಣದ ಹಕ್ಕು ಇದರಿಂದ ಬೇರೆ. ಅದು ಪ್ರಕಟವಾದ ಮರುವರ್ಷದಿಂದ 60 ವರ್ಷ ನಡೆಯುವುದರಿಂದ, 1960ರಲ್ಲಿ ಮಾರುಕಟ್ಟೆಗೆ ಬಂದ ತಟ್ಟೆಯ ಅವಧಿ 2020ರ ಕೊನೆಗೆ ಮುಗಿದಿದೆ. ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಎಂಬುದಿದ್ದು ಅದರ ಅವಧಿ 50 ವರ್ಷ. 1998ರ ಕಚೇರಿಗೆ ಅದು 2048ರ ಕೊನೆಯವರೆಗೆ ಅನ್ವಯಿಸುತ್ತದೆ. ಪ್ರಸಾರ ಮಾಡಿದ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷದ ಹಕ್ಕಿದೆ.

ಸ್ವಂತ ಆಲಿಕೆಗೆ ಮತ್ತು ಅಧ್ಯಯನಕ್ಕೆ ಪ್ರತಿ ಇಟ್ಟುಕೊಳ್ಳುವುದನ್ನು ಕಾಯ್ದೆ ನ್ಯಾಯೋಚಿತ ಬಳಕೆಯೆಂದು ಒಪ್ಪುತ್ತದೆ. ಅದನ್ನು ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಏರಿಸುವುದು ಬೇರೆಯೇ ವಿಷಯ. ಅದಕ್ಕೆ ಹಕ್ಕು ಉಳಿದಿರುವವರ ಒಪ್ಪಿಗೆ ಬೇಕಾಗುತ್ತದೆ. ಮನೆಯ ಚಪ್ಪರದಲ್ಲಿ ಮುದ್ರಿಸಿದ್ದಾದರೆ ಹಾಡಿದವರನ್ನು ಅಥವಾ ಅವರ ಮನೆಯವರನ್ನು ಕೇಳಿಯೇ ಮುಂದುವರಿಯುವುದು ಕಾನೂನಿಗೂ ಮರ್ಯಾದೆಗೂ ಒಪ್ಪುವ ದಾರಿ. ಹಾಗೆ ಕೇಳಲು ಹೋದಾಗ ಕಚೇರಿಯ ದಿನಾಂಕ, ಪಕ್ಕವಾದ್ಯದವರ ಹೆಸರು ಮೊದಲಾದ ಮರೆತ ವಿವರಗಳೂ ಸಿಗುವುದುಂಟು.

ಕೇಳುವುದನ್ನು ಎಲ್ಲಿಂದ ಆರಂಭಿಸಬೇಕು

ಹೊಸ ವಾಗ್ಗೇಯಕಾರರ ಹೊಸ ರಾಗವನ್ನು ಒಟ್ಟಿಗೇ ಕೇಳಿದರೆ ಕಿವಿಗೆ ಹಿಡಿತ ಸಿಗುವುದಿಲ್ಲ. ಪರಿಚಿತ ರಾಗವೊಂದನ್ನು ಆರಿಸಿಕೊಂಡು ಅದರಲ್ಲಿ ಬೇರೆ ಬೇರೆಯವರು ಏನು ಮಾಡಿದ್ದಾರೆಂದು ಹೋಲಿಸಿ ಕೇಳುವುದು ನನ್ನ ಅನುಭವದಲ್ಲಿ ಹೆಚ್ಚು ಫಲ ಕೊಡುತ್ತದೆ. ಅಠಾಣದಲ್ಲಿ ತ್ಯಾಗರಾಜರ ‘ಏಲ ನೀ ದಯರಾದು’ ಕೇಳಿ, ಅದೇ ಅಠಾಣದಲ್ಲಿ ಸದಾಶಿವರಾಯರ ‘ವಾಚಾಮಗೋಚರುಂಡೆ’ ಕೇಳಬಹುದು. ಖಮಾಚಿನಲ್ಲಿ ತ್ಯಾಗರಾಜರ ‘ಸುಜನ ಜೀವನ’ವನ್ನು ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’ ಪಕ್ಕದಲ್ಲಿಟ್ಟು ಕೇಳಿದರೆ, ಎರಡನೆಯದನ್ನು ಮೊದಲನೆಯವರದೆಂದು ಜನ ಏಕೆ ತಿಳಿದರು ಮತ್ತು ಅದು ಹೇಗೆ ಬೇರೆ ಎಂಬುದೆರಡೂ ಗೋಚರಿಸುತ್ತವೆ. ಕನ್ನಡದಲ್ಲೇ ಆರಂಭಿಸಬೇಕೆನ್ನುವವರಿಗೆ ಮುತ್ತಯ್ಯ ಭಾಗವತರು (1877–1945) ನಾಲ್ವಡಿಯವರ ಇಚ್ಛೆಯಂತೆ ಚಾಮುಂಡೇಶ್ವರಿಯ ಮೇಲೆ ರಚಿಸಿದ 108 ಕೃತಿಗಳ ಗುಚ್ಛವಿದೆ. ಅವರೇ ರೂಪಿಸಿದ ಮೋಹನಕಲ್ಯಾಣಿ ರಾಗದ ‘ಭುವನೇಶ್ವರಿಯ ನೆನೆ ಮಾನಸವೆ’ ಹಲವರ ಕಂಠದಲ್ಲಿ ಸುಲಭವಾಗಿ ಸಿಗುತ್ತದೆ.

ಕಾಂಬೋಧಿಗೆ ಮಾತ್ರ ಒಂದು ಇಡೀ ಸಂಜೆಯನ್ನು ಮೀಸಲಿಡಬೇಕು. ತ್ಯಾಗರಾಜರ ‘ಓ ರಂಗಶಾಯಿ’, ಸದಾಶಿವರಾಯರ ‘ಸಾಮ್ರಾಜ್ಯದಾಯಕೇಶ’, ಮುತ್ತಯ್ಯ ಭಾಗವತರ ‘ರತ್ನಕಂಚುಕಧಾರಿಣಿ’ ಮೂರನ್ನೂ ಸಾಧ್ಯವಾದರೆ ಚರಣ ಬಿಡದೆ ಹಾಡಿದ ಮುದ್ರಣಗಳಲ್ಲಿ ಒಂದಾದ ಮೇಲೊಂದು ಕೇಳಿ, ಪ್ರತಿಯೊಂದರಲ್ಲೂ ಅಂಕಿತ ಎಲ್ಲಿ ಬರುತ್ತದೆಂದು ಗುರುತು ಹಾಕಿಕೊಳ್ಳಬೇಕು. ಹಾಗೆ ಮಾಡಿದವರು ಮುಂದೆ ಹೆಸರಿಲ್ಲದ ಕ್ಯಾಸೆಟ್ಟು ಕೈಗೆ ಬಂದಾಗ ಪಲ್ಲವಿ ಕೇಳಿ ನಿಲ್ಲಿಸುವುದಿಲ್ಲ, ಚರಣ ಬರುವವರೆಗೆ ಕಾಯುತ್ತಾರೆ.